ಸಿದ್ದಯ್ಯನ ಮನೆಯ ಟೀ

ಮೇಗಲಕೊಪ್ಪಲಿನಲ್ಲಿ ಬಸ್ಸು ನಿಲ್ಲುವ ಕಡೆಯೇ ಹಾಲಿನ ಡೈರಿ. ಅದರ ಹಿಂದಿನ ಹೆಂಚಿನ ಮನೆ ದಸ್ತಗೀರ್ ಸಾಬರದು. ಊರಿಗೆಲ್ಲ ಅದೊಂದೇ ಸಾಬರ ಮನೆ. ಬೆಳಗಿನ ನಮಾಜು ಮುಗಿಸಿ ಮೂವತ್ತು ಹೆಜ್ಜೆ ಹಾಕಿದರೆ ಡೈರಿಯ ಬಾಗಿಲು. ಆ ಮೂವತ್ತು ಹೆಜ್ಜೆಯನ್ನು ಅವರು ಮೂವತ್ತೊಂದು ವರ್ಷ, ದಿನಕ್ಕೆರಡು ಸಲ, ಹಬ್ಬ ಹುಣ್ಣಿಮೆ ಎನ್ನದೆ ಹಾಕಿದರು. ಈಗ ಆರು ತಿಂಗಳಿಂದ ಹಾಕುವಂತಿಲ್ಲ. ಅರವತ್ತು ತುಂಬಿತು, ಹಾಲಿನ ಸಂಘದವರು ಶಾಲು ಹೊದಿಸಿ ಕಳಿಸಿಕೊಟ್ಟರು. ಹಾಲು ಪರೀಕ್ಷೆ ಮಾಡುತ್ತಿದ್ದ ಅವರ ಜಾಗಕ್ಕೆ ಬಂದದ್ದು ಒಂದು ಯಂತ್ರ. ಹಾಲು ತೋರಿಸಿದರೆ ಸಾಕು, ಕುಯ್ ಎಂದು ಚೀಟಿ ಕೊಡುತ್ತದೆ. ಅದಕ್ಕೆ ನೆಗಡಿಯಿಲ್ಲ, ನೆಂಟರಿಷ್ಟರಿಲ್ಲ.

ಕೆಲಸದಿಂದ ಇಳಿದವರಿಗೆ ಏನೇನೋ ಆಸೆಗಳಿರುತ್ತವೆ. ಸಾಬರಿಗೆ ಇದ್ದದ್ದು ಒಂದೇ, ಅದನ್ನು ಬಾಯಿಬಿಟ್ಟು ಹೇಳಿದ್ದರೆ ಕೇಳಿದವರು ನಗುತ್ತಿದ್ದರು. ಊರಿನ ಯಾರಾದರೂ ಒಬ್ಬರು ತಮ್ಮನ್ನು ಜಗಲಿಗೆ ಕರೆದು ಒಂದು ಲೋಟ ಟೀ ಕೊಡಬೇಕು. ಅಷ್ಟೇ.

ಟೀಗೆ ಬರಗಾಲವಿರುವ ಊರೇನಲ್ಲ ಅದು. ಹೊಗೆಸೊಪ್ಪಿನ ಬೆಲೆ ವಿಚಾರಿಸಲು ಪಿರಿಯಾಪಟ್ಟಣದಿಂದ ಬಂದ ಗುರುತಿಲ್ಲದವನಿಗೂ ಕೂರಿಸಿ ಟೀ ಕೊಡುತ್ತಾರೆ, ಕರೆಂಟಿನ ಮೀಟರು ನೋಡಲು ಬಂದವನಿಗೂ ಕೊಡುತ್ತಾರೆ. ಸಾಬರನ್ನು ಮಾತ್ರ ಯಾರೂ ಕೇಳುವುದಿಲ್ಲ. ಅದರಲ್ಲಿ ಊರಿನ ತಪ್ಪಿಲ್ಲ. ಕೇಳಬೇಡಿ ಎಂದು ಊರಿಗೆ ಕಲಿಸಿದವರೇ ಅವರು. ತಾನೇ ಹಾಕಿದ ಬೇಲಿಯೊಳಗೆ ನಿಂತು ಯಾರೂ ಬರಲಿಲ್ಲವಲ್ಲ ಎಂದು ಕಾಯುವ ಮನುಷ್ಯನ ಬಗ್ಗೆ ಸಿಟ್ಟು ಮಾಡಿಕೊಳ್ಳಬೇಕೋ ಮರುಕಪಡಬೇಕೋ ನನಗಂತೂ ಗೊತ್ತಾಗಿಲ್ಲ. ನಡೆದದ್ದನ್ನು ಹೇಳುತ್ತೇನೆ.

ದಸ್ತಗೀರರ ತಂದೆ ಪಾತ್ರೆಗಳಿಗೆ ಕಲಾಯಿ ಹಾಕುತ್ತ ಹುಣಸೂರಿನ ಕಡೆಯಿಂದ ಬಂದು ಇಲ್ಲೇ ನಿಂತವರು. ಮಗನಿಗೆ ಆಸ್ತಿ ಮಾಡಲಿಲ್ಲ, ಎರಡು ಮಾತು ಹೇಳಿಕೊಟ್ಟರು. ಒಂದು, ಬೇರೆಯವರು ನಂಬಿ ನಿನ್ನ ಕೈಗೆ ಕೊಟ್ಟದ್ದು ಅಮಾನತ್. ಅದು ನಿನ್ನ ಕೈಯಲ್ಲಿರುತ್ತದೆ, ನಿನ್ನದಲ್ಲ, ಅದಕ್ಕೆ ನಾಳೆ ಅಲ್ಲಾಹನ ಮುಂದೆ ಉತ್ತರ ಹೇಳಬೇಕು. ಎರಡನೆಯದು, ಇನ್ನೊಬ್ಬರ ತಪ್ಪು ಕಣ್ಣಿಗೆ ಬಿದ್ದರೆ ಅದನ್ನು ಬೀದಿಗೆ ಹಾಕಬೇಡ, ಮುಚ್ಚು. ಊರಿನಲ್ಲಿ ಹಾಲಿನ ಸಂಘ ಶುರುವಾಗಿ ಟೆಸ್ಟರ್ ಬೇಕೆಂದಾಗ ದಸ್ತಗೀರರಿಗೆ ಇಪ್ಪತ್ತೊಂಬತ್ತು. ಅವರ ಹೆಸರನ್ನು ಸಭೆಯಲ್ಲಿ ಎದ್ದು ಹೇಳಿದವನು ಸಿದ್ದಯ್ಯ. ಇಬ್ಬರೂ ಸರಗೂರಿನ ಹೈಸ್ಕೂಲಿಗೆ ಜೊತೆಯಲ್ಲಿ ನಡೆದು ಹೋಗಿ ಬಂದವರು, ಒಂದೇ ಬುತ್ತಿ ಬಿಚ್ಚಿ ತಿಂದವರು.

"ಅವ್ನು ಯಾರ ಪಾಲ್ಟಿನೂ ಅಲ್ಲ, ಅವ್ನೇ ಸರಿ ಕಣ್ರಪ್ಪಾ" ಎಂದ ಸಿದ್ದಯ್ಯ. ಊರು ಒಪ್ಪಿತು.

ಟೆಸ್ಟರ್ ಕೆಲಸ ನೋಡಲು ಸುಲಭ. ಒಬ್ಬೊಬ್ಬರು ತಂದ ಹಾಲಿಗೂ ಲ್ಯಾಕ್ಟೋಮೀಟರ್ ಎಂಬ ಗಾಜಿನ ಕಡ್ಡಿ ಬಿಡಬೇಕು. ನೀರು ಬೆರೆತಿದ್ದರೆ ಕಡ್ಡಿ ತಗ್ಗುತ್ತದೆ, ಆ ಹಾಲನ್ನು ವಾಪಸ್ ಕಳಿಸಬೇಕು. ಸರಿಯಿದ್ದರೆ ಎಲ್ಲರದ್ದನ್ನೂ ಒಂದೇ ದೊಡ್ಡ ಕ್ಯಾನಿಗೆ ಸುರಿಯಬೇಕು. ಒಂದು ಮನೆಯ ಹಾಲು ಕೆಟ್ಟರೆ ನಲವತ್ತು ಮನೆಯ ಹಾಲು ಕೆಟ್ಟಂತೆ. ಕಷ್ಟವಿರುವುದು ಅಲ್ಲಿ.

ಕೆಲಸಕ್ಕೆ ಸೇರಿ ತಿಂಗಳಾಗಿರಲಿಲ್ಲ. ಒಂದು ಸಂಜೆ ಸಿದ್ದಯ್ಯ ಹೆಗಲ ಮೇಲೆ ಕೈ ಹಾಕಿ ಮನೆಗೆ ಎಳೆದುಕೊಂಡು ಹೋದ. ಅವನ ಮದುವೆಯಾಗಿ ವರ್ಷವೂ ತುಂಬಿರಲಿಲ್ಲ. ಹೆಂಡತಿ ರುಕ್ಮಿಣಿ ಹೊಸಬಳು, ತಲೆ ಬಗ್ಗಿಸಿಕೊಂಡು ಬಂದು ಟೀ ಕೊಟ್ಟು ಹೋದಳು. ಅಂಥ ಟೀಯನ್ನು ದಸ್ತಗೀರ್ ಅಲ್ಲಿಯವರೆಗೆ ಕುಡಿದಿರಲಿಲ್ಲ. ಒಂದು ಹನಿ ನೀರಿಲ್ಲದೆ ಬರೀ ಹಾಲಿನಲ್ಲಿ ಕುದಿಸಿದ್ದು, ಏಲಕ್ಕಿ ಹಾಕಿದ್ದು. ಎರಡನೆಯ ಲೋಟವನ್ನೂ ಕುಡಿದರು.

ಮಾರನೆಯ ಬೆಳಿಗ್ಗೆ ಸಿದ್ದಯ್ಯ ಹಾಲು ತಂದ. ಕಡ್ಡಿ ಬಿಟ್ಟರೆ ಎರಡು ಗೆರೆ ತಗ್ಗು. ದಸ್ತಗೀರ್ ಕಡ್ಡಿಯನ್ನು ನೋಡಿದರು, ಸ್ನೇಹಿತನ ಮುಖವನ್ನು ನೋಡಿದರು. ನಿನ್ನೆಯ ಟೀ ಇನ್ನೂ ನಾಲಿಗೆಯ ಮೇಲಿತ್ತು. ಸಿದ್ದಯ್ಯ ಹೊಲದ ವಿಷಯ ಏನೋ ಹೇಳಿ ನಗುತ್ತಿದ್ದ. ಇವರೂ ನಕ್ಕು ಹಾಲನ್ನು ಕ್ಯಾನಿಗೆ ಸುರಿದುಬಿಟ್ಟರು.

ಮಧ್ಯಾಹ್ನ ಆ ಕ್ಯಾನು, ನೀರು ಬೆರೆತಿದೆ ಎಂದು ಹಾಲು ಒಕ್ಕೂಟದಿಂದ ವಾಪಸ್ ಬಂತು. ಅಧ್ಯಕ್ಷ ಮಂಟಯ್ಯ ಸಭೆ ಕರೆದು ಯಾರ ಹಾಲು ಎಂದು ಕೇಳಿದ. ದಸ್ತಗೀರ್ ಎದ್ದು ನಿಂತು, "ನೋಡ್ದೋನು ನಾನು, ತಪ್ಪು ನಂದು" ಎಂದರು. ಹೆಸರು ಹೇಳಲಿಲ್ಲ. ಎಲ್ಲರ ನಷ್ಟವನ್ನೂ ತಮ್ಮ ಸಂಬಳದಲ್ಲಿ ತುಂಬಿಕೊಟ್ಟರು. ಸಿದ್ದಯ್ಯ ಅವತ್ತು ಸಭೆಯಲ್ಲೇ ಇದ್ದ. ಅವನ ಹಾಲು, ಅವನೇ ತಂದದ್ದು, ಅವನಿಗೆ ಗೊತ್ತಿರದೆ ಇರುತ್ತದೆಯೇ ಎಂದು ದಸ್ತಗೀರ್ ತಿಳಿದರು. ನಾನು ಹೆಸರು ಮುಚ್ಚಿದ್ದೂ ಅವನಿಗೆ ಗೊತ್ತು, ಇನ್ನು ಮೇಲೆ ಅವನ ಮನೆಗೆ ಯಾಕೆ ಹೋಗುವುದಿಲ್ಲ ಎಂಬುದೂ ಅವನಿಗೆ ಗೊತ್ತಾಗುತ್ತದೆ, ಬಾಯಿ ಬಿಟ್ಟು ಆಡಿ ಅವನಿಗೆ ನಾಚಿಕೆ ಮಾಡುವುದು ಬೇಡ. ಹೀಗೆ ಮನಸ್ಸಿನಲ್ಲೇ ಎಲ್ಲವನ್ನೂ ತೀರ್ಮಾನ ಮಾಡಿ, ಆ ಸಂಜೆ ನಮಾಜಿನ ಚಾಪೆಯ ಮೇಲೆ ಕೂತು ಒಂದು ಕಟ್ಟಳೆ ಹಾಕಿಕೊಂಡರು. ಯಾರ ಮನೆಯ ಹಾಲು ನನ್ನ ಕೈಗೆ ಬರುತ್ತದೋ ಆ ಮನೆಯಲ್ಲಿ ಒಂದು ಗುಟುಕು ನೀರನ್ನೂ ಕುಡಿಯುವುದಿಲ್ಲ.

ಊರಿನ ಎಲ್ಲ ಮನೆಯ ಹಾಲೂ ಅವರ ಕೈಗೇ ಬರುತ್ತಿತ್ತು. ಹೀಗಾಗಿ ಇಡೀ ಊರು ಮುಚ್ಚಿಹೋಯಿತು.

ಮದುವೆಗೆ ಕರೆದರೆ ಹೋಗುತ್ತಿದ್ದರು, ಮುಯ್ಯಿ ಕೊಟ್ಟು, ಹೆಣ್ಣು ಗಂಡಿಗೆ ಒಳ್ಳೆಯದಾಗಲೆಂದು ಹೇಳಿ, ಊಟದ ಪಂಕ್ತಿ ಕೂರುವ ಮೊದಲೇ ಜಾರಿಕೊಳ್ಳುತ್ತಿದ್ದರು. ಯುಗಾದಿಯ ಒಬ್ಬಟ್ಟು ಬೇಡ, ಸಂಕ್ರಾಂತಿಯ ಎಳ್ಳು ಬೇಡ. ಊರಿನವರಿಗೆ ಒಂದು ಮನೆಯವರು ಇನ್ನೊಂದು ಮನೆಯಲ್ಲಿ ಉಣ್ಣದಿರುವುದಕ್ಕೆ ಗೊತ್ತಿರುವ ಕಾರಣ ಒಂದೇ. ಸಾಬರ ಧರ್ಮದಲ್ಲಿ ನಮ್ಮದು ನಡೆಯುವುದಿಲ್ಲವಂತೆ ಎಂದುಕೊಂಡರು. ಹೈಸ್ಕೂಲಿನ ದಿನಗಳಲ್ಲಿ ಇದೇ ದಸ್ತಗೀರ್ ಅರ್ಧ ಊರಿನ ಮುದ್ದೆ ತಿಂದವರು ಎಂಬುದು ಯಾರಿಗೂ ನೆನಪಾಗಲಿಲ್ಲ. ಅಲ್ಲ ಕಣ್ರಪ್ಪಾ ಎಂದು ಹೇಳಬೇಕಾಗಿದ್ದವರು ಬಾಯಿಗೆ ಬೀಗ ಹಾಕಿಕೊಂಡಿದ್ದರು. ಕಾರಣ ಹೇಳಹೊರಟರೆ ಆ ಬೆಳಗಿನ ಹಾಲಿನ ಕಥೆ ಬರುತ್ತದೆ, ಸಿದ್ದಯ್ಯನ ಹೆಸರು ಬರುತ್ತದೆ.

ಇದರ ಪೆಟ್ಟು ಹೆಚ್ಚು ಬಿದ್ದದ್ದು ಹೆಂಡತಿ ಹಸೀನಾಗೆ. ರಂಜಾನ್ ಹಬ್ಬಕ್ಕೆ ಶಾವಿಗೆ ಪಾಯಸ ಮಾಡಿ ಹತ್ತು ಮನೆಗೆ ಕೊಟ್ಟು ಬರುತ್ತಿದ್ದಳು. ನಮ್ಮದು ಅವರಿಗೆ ಬೇಡವಾದ ಮೇಲೆ ಅವರದು ನಮಗೆ ಯಾಕೆ ಎಂದು ಒಂದೊಂದೇ ಮನೆ ನಯವಾಗಿ ಬೇಡ ಎಂದಿತು. ಮಕ್ಕಳಾಗದ ಹೆಂಗಸು, ಒಂದು ಹಸುವನ್ನಾದರೂ ಕಟ್ಟೋಣ ಎಂದಳು. ಹಾಲು ಅಳೆಯುವವನು ಹಾಲು ಹಾಕಬಾರದು ಎಂದರು ಸಾಬರು. ಹೋಗಲಿ, ಮನೆಗೆ ಅರ್ಧ ಲೀಟರ್ ಡೈರಿಯಲ್ಲೇ ತನ್ನಿ ಎಂದಳು. ಅದೂ ಆಗಲಿಲ್ಲ. ದಿನಾ ಕ್ಯಾನುಗಟ್ಟಲೆ ಹಾಲು ಮುಟ್ಟುವ ಮನುಷ್ಯ ಸರಗೂರಿನಿಂದ ಪಾಕೀಟು ಹಾಲು ತರಿಸುತ್ತಿದ್ದರು. ಇಷ್ಟು ಬಿಗಿ ಬೇಕಾಗಿತ್ತೇ ಎಂದರೆ, ಬೇಕಾಗಿರಲಿಲ್ಲ ಎಂದೇ ನಾನು ಹೇಳುತ್ತೇನೆ. ಯಾವ ಮೌಲ್ವಿಯೂ ಇಷ್ಟು ಕೇಳುತ್ತಿರಲಿಲ್ಲ. ಆದರೆ ಒಂದು ಸಲ ತನ್ನ ಕಣ್ಣೇ ತನಗೆ ಸುಳ್ಳು ಹೇಳಿದ್ದನ್ನು ಕಂಡವರು ಅವರು, ಆ ಕಣ್ಣನ್ನು ಮತ್ತೆ ನಂಬಲಿಲ್ಲ. ಹಸೀನಾ ತೀರಿಕೊಂಡು ಎಂಟು ವರ್ಷವಾಯಿತು, ಹಸು ಕಟ್ಟದೆಯೇ ಹೋದಳು.

ಸಂಘ ಮಾತ್ರ ನಿಂತಿತು. ಸುತ್ತಿನ ಎರಡು ಊರುಗಳ ಡೈರಿಗಳು ಬೀಗ ಹಾಕಿದವು, ಅಲ್ಲಿ ಬೇಕಾದವರ ಹಾಲು, ಬೇಡದವರ ಹಾಲು ಎಂದು ಎರಡು ಕಣ್ಣು ಶುರುವಾಗಿತ್ತು. ಮೇಗಲಕೊಪ್ಪಲಿನಲ್ಲಿ ಚುನಾವಣೆ ಬಂದಾಗ ಎರಡು ಪಾರ್ಟಿಯವರೂ ಮಾತು ಬಿಟ್ಟು ಮುಖ ತಿರುಗಿಸುತ್ತಿದ್ದರು, ಹಾಲು ಮಾತ್ರ ಒಂದೇ ಕ್ಯಾನಿಗೆ ಬೀಳುತ್ತಿತ್ತು. ಏನಾದರೂ ತಕರಾರು ಬಂದರೆ ಸಾಬರು, "ಎಲ್ರೂನೂ ಕೂರಿಸಿ ಕೇಳುವಾ, ಒಬ್ರೇ ತೀರ್ಮಾನ ಮಾಡದು ಬ್ಯಾಡ" ಎನ್ನುತ್ತಿದ್ದರು. ಹಿಂಡಿ ಬೂಸಾವನ್ನು ಕಡ ಕೊಡುವಾಗ ಬಡ್ಡಿ ಸೇರಿಸೋಣ ಎಂದು ಕೆಲವರು ಹೇಳಿದಾಗ, "ಬಡ್ಡಿ ಬರೆಯೋ ಕೈ ನಂದಲ್ಲ, ಬೇರೆಯವರ್ನ ನೋಡ್ಕಳಿ" ಎಂದು ಮೆಲ್ಲಗೆ ಹೇಳಿದರು. ಮಂಟಯ್ಯ ಲೆಕ್ಕದ ಪುಸ್ತಕ ಮುಚ್ಚಿ, "ಬುಡಿ ಅತ್ಲಾಗೆ, ಬಡ್ಡಿ ಬ್ಯಾಡ" ಎಂದ. ಇವತ್ತಿಗೂ ಅಲ್ಲಿ ಬಡ್ಡಿಯಿಲ್ಲ.

ರಂಜಾನ್ ತಿಂಗಳಿನಲ್ಲಿ ಉಪವಾಸ ಬಿಡುವ ಹೊತ್ತೂ ಸಂಜೆಯ ಹಾಲಿನ ಹೊತ್ತೂ ಒಂದೇ. ಸುತ್ತಲೂ ಹಾಲು ತುಂಬಿದ ಕ್ಯಾನುಗಳು, ಸಾಲಿನಲ್ಲಿ ನಿಂತ ಜನ. ಸಾಬರು ಗೋಡೆಯ ಕಡೆ ತಿರುಗಿ, ಜೇಬಿನಿಂದ ಒಂದು ಖರ್ಜೂರ ತೆಗೆದು ತಿಂದು, ಮನೆಯಿಂದ ತಂದ ನೀರು ಕುಡಿದು, ಮತ್ತೆ ಕಡ್ಡಿ ಹಿಡಿಯುತ್ತಿದ್ದರು. ಜನ ಅಷ್ಟು ಹೊತ್ತು ಮಾತಾಡದೆ ನಿಲ್ಲುತ್ತಿದ್ದರು. ಗೌರವವಿತ್ತು, ಬೇಕಾದಷ್ಟಿತ್ತು. ಗೌರವದ ಜೊತೆ ಕೂತು ಊಟ ಮಾಡುವುದಕ್ಕೆ ಆಗುವುದಿಲ್ಲ ಎಂಬುದೇ ಅವರ ಕಷ್ಟವಾಗಿತ್ತು.

ಸಿದ್ದಯ್ಯ ಮೊದಲ ಕೆಲವು ವರ್ಷ ಕರೆಯುತ್ತಲೇ ಇದ್ದ. "ಬಾರ್ಲಾ ಟೀ ಕುಡ್ದು ಓಗುವೆ." ಇವರು ಕೈ ಆಡಿಸಿ ನಗುತ್ತಿದ್ದರು. ಆಮೇಲೆ ಕರೆಯುವುದು ನಿಂತಿತು, ನಗುವುದೂ ನಿಂತಿತು, ಡೈರಿಯಲ್ಲಿ ಹಾಲು ಹಾಕಿ ಹೋಗುವಷ್ಟು ಮಾತು ಉಳಿಯಿತು. ಮೂರು ವರ್ಷದ ಹಿಂದೆ ಅವನಿಗೆ ಕಿಡ್ನಿ ಕೆಟ್ಟಿತು. ಮೈಸೂರಿನ ಆಸ್ಪತ್ರೆಯಿಂದ ಇನ್ನು ಮನೆಯಲ್ಲೇ ನೋಡಿಕೊಳ್ಳಿ ಎಂದು ಕಳಿಸಿದರು. ಸಾಬರು ಎರಡು ಹೊತ್ತಿನ ಹಾಲಿನ ನಡುವೆ ದಿನಾ ಮಧ್ಯಾಹ್ನ ಹೋಗಿ ಅವನ ಮಂಚದ ಕಾಲಿನ ಕಡೆ ನಿಂತು ಬರುತ್ತಿದ್ದರು. ಕೊನೆಕೊನೆಗೆ ಒಂದು ದಿನ ರುಕ್ಮಿಣಮ್ಮ ಟೀ ತಂದು ಮಂಚದ ಪಕ್ಕ ಇಟ್ಟು ಒಳಗೆ ಹೋದರು. ಸಿದ್ದಯ್ಯ ಲೋಟ ಎತ್ತಿ ಇವರ ಕಡೆ ಹಿಡಿದ.

"ಯಾಕ್ಲಾ ದಸ್ತಗೀರ, ನಮ್ಮಟ್ಟೀದು ಸೇರಾಕಿಲ್ವಾ ನಿಂಗೆ? ಈಗ್ಲಾದ್ರೂ ಒಂದ್ ಗುಟುಕು ಕುಡಿಲಾ."

ಸಾಬರು ಲೋಟಕ್ಕೆ ಕೈ ಚಾಚಲಿಲ್ಲ. ನಾಳೆ ಬೆಳಿಗ್ಗೆ ಈ ಮನೆಯ ಹಾಲನ್ನು ಇವನ ಮಗ ಶರತ್ ತರುತ್ತಾನೆ, ಕಡ್ಡಿ ಹಿಡಿಯುವವನು ನಾನು. ಅದಕ್ಕಿಂತ ಹೆಚ್ಚಾಗಿ, ಇಷ್ಟು ವರ್ಷ ಗೊತ್ತಿದ್ದೂ ಗೊತ್ತಿಲ್ಲದಂತೆ ಇದ್ದವನು ಈಗ ಯಾಕೆ ಕೇಳುತ್ತಿದ್ದಾನೆ ಎನ್ನಿಸಿತು.

"ನಿಂಗೇ ಗೊತ್ತಲ್ಲ ಸಿದ್ದ, ಯಾಕೆ ಅಂತ" ಎಂದರು.

ಸಿದ್ದಯ್ಯ ಅವರನ್ನೇ ನೋಡಿದ. ಲೋಟವನ್ನು ಕೆಳಗಿಟ್ಟು ಗೋಡೆಯ ಕಡೆ ಹೊರಳಿದ. ಅದಾದ ಮೂರನೆಯ ದಿನ ತೀರಿಕೊಂಡ.

ನಿವೃತ್ತಿಯ ಮಾರನೆಯ ಬೆಳಿಗ್ಗೆ ಸಾಬರು ಒಗೆದ ಜುಬ್ಬಾ ಹಾಕಿಕೊಂಡು ಬೀದಿಗೆ ಬಂದರು. ಇವತ್ತಿನಿಂದ ಯಾರ ಹಾಲೂ ತಮ್ಮ ಕೈಗೆ ಬರುವುದಿಲ್ಲ, ಕಟ್ಟಳೆ ಮುಗಿಯಿತು. ಎಷ್ಟು ನಿಧಾನವಾಗಿ ನಡೆಯಬಹುದೋ ಅಷ್ಟು ನಿಧಾನವಾಗಿ ನಡೆದರು. ಡೈರಿಗೆ ಹಾಲು ಹಾಕುವ ಉಷಾರಾಣಿಯ ಮನೆಯ ಜಗಲಿಯಲ್ಲಿ ಎಲ್ಲರೂ ಟೀ ಕುಡಿಯುತ್ತ ಕೂತಿದ್ದರು. ಸಾಬರು ಚಪ್ಪಲಿ ಸರಿಮಾಡಿಕೊಳ್ಳುವವರಂತೆ ಅಲ್ಲೇ ನಿಂತರು. ಐದು ವರ್ಷದ ಚಿನ್ನು, ಉಷಾರಾಣಿಯ ಮಗಳು, ತನ್ನ ಲೋಟ ಹಿಡಿದುಕೊಂಡು ಬಂದು, "ತಾತ, ಟೀ ಬೇಕಾ?" ಎಂದಳು.

"ಅವ್ರು ಕುಡಿಯಾಕಿಲ್ಲ ಕಣೇ ಚಿನ್ನು, ಅಂಗೆಲ್ಲ ಕೇಳಬಾರ್ದು" ಎಂದು ಉಷಾರಾಣಿ ಮಗಳನ್ನು ಹಿಂದಕ್ಕೆ ಕರೆದು, "ಮಗೀಗೆ ಗೊತ್ತಾಗದಿಲ್ಲ ಕಣಣ್ಣ, ಬೇಜಾರ್ ಮಾಡ್ಕಬ್ಯಾಡಿ" ಎಂದಳು.

"ಇಲ್ಲ ಕಣವ್ವ, ಬೇಜಾರೇನು" ಎಂದು ಸಾಬರು ಮುಂದೆ ನಡೆದರು. ಕುಡಿಯುತ್ತೇನೆ ಎನ್ನುವ ಒಂದು ಮಾತು ಅವರ ಬಾಯಿಂದ ಹೊರಡಲಿಲ್ಲ. ಮೂವತ್ತೊಂದು ವರ್ಷದ ಅಭ್ಯಾಸ ನಾಲಿಗೆಗೂ ಆಗಿಹೋಗಿತ್ತು. ಹೀಗೇ ಆರು ತಿಂಗಳು ಕಳೆದವು. ಮನೆಯಲ್ಲಿ ಒಬ್ಬರೇ ಟೀ ಕಾಯಿಸಿಕೊಂಡು, ಡೈರಿಯ ಯಂತ್ರದ ಕುಯ್ ಶಬ್ದ ಕೇಳುತ್ತ ಕುಡಿಯುತ್ತಿದ್ದರು.

ಕಳೆದ ಶುಕ್ರವಾರ ಸರಗೂರಿನ ಮಸೀದಿಯಲ್ಲಿ ಜುಮ್ಮಾ ನಮಾಜು ಮುಗಿಸಿ ಬಸ್ಸಿಳಿದವರು ಮನೆಗೆ ಹೋಗಲಿಲ್ಲ. ಸೀದಾ ಸಿದ್ದಯ್ಯನ ಮನೆಗೆ ಹೋದರು. ಶರತ್ ಹೊಲದಲ್ಲಿದ್ದ. ರುಕ್ಮಿಣಮ್ಮ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದರು, ಎದ್ದು ಸೆರಗು ಸರಿಮಾಡಿಕೊಂಡರು.

"ಬನ್ನಿ ದಸ್ತಗೀರಣ್ಣ. ಏನ್ ಬಂದ್ರಿ?"

"ಟೀ ಕುಡಿಯಾನ ಅಂತ ಬಂದೆ ಕಣವ್ವ."

ರುಕ್ಮಿಣಮ್ಮ ಅವರೆಕಾಯಿಯ ಮೊರವನ್ನು ಪಕ್ಕಕ್ಕೆ ಸರಿಸಿದರು. "ಕೂತ್ಕಳಿ" ಎಂದರು. "ಹೋದ್ ತಿಂಗ್ಳು ಹಸ ಮಾರ್ಬುಟ್ವಿ. ಮನೇಲಿ ಹಾಲಿಲ್ಲ. ಪಕ್ಕದ ಮನೇಲಿ ಇಸ್ಕಬತ್ತೀನಿ, ಎದ್ದೋಗಬ್ಯಾಡಿ."

ಸಾಬರು ಎದ್ದು ಹೋಗಲಿಲ್ಲ. ಸಿದ್ದಯ್ಯ ಕೂರುತ್ತಿದ್ದ ಕಂಬಕ್ಕೆ ಒರಗಿ ಕೂತರು. ಒಳಗೋಡೆಯ ಮೇಲೆ ಅವನ ಫೋಟೋ, ಅದಕ್ಕೊಂದು ಗಂಧದ ಹಾರ. ಕೊನೆಗೂ ಬಂದೆ ನೋಡು ಎಂದು ಅದಕ್ಕೆ ಮನಸ್ಸಿನಲ್ಲೇ ಹೇಳಿದರು.

ರುಕ್ಮಿಣಮ್ಮ ಲೋಟ ತಂದು ಕೈಗೆ ಕೊಟ್ಟರು. ಬರೀ ಹಾಲಿನಲ್ಲಿ ಕುದಿಸಿದ ಟೀ, ಏಲಕ್ಕಿಯ ವಾಸನೆ. ಸಾಬರು ತುಟಿಗೆ ಇಡುವ ಮೊದಲೇ ಆಕೆ ಕೆಳಗೆ ಕೂತು ಹೇಳತೊಡಗಿದರು.

"ಅವತ್ತೂ ಇಂಗೇ ಮಾಡಿದ್ದೆ ದಸ್ತಗೀರಣ್ಣ. ನನ್ ಯಜಮಾನ್ರ ಸ್ನೇಯಿತ್ರು, ಮೊದ್ಲ ಸಲ ಬಂದವ್ರೆ ಅಂತ ಮನೇಲಿದ್ದ ಹಾಲ್ನೆಲ್ಲಾ ಹಾಕಿ ಕಾಯಿಸ್ಬುಟ್ಟೆ. ಬೆಳಗ್ಗೆ ನಮ್ಮತ್ತೆ ಹಾಲೆಲ್ಲಿ ಅಂದ್ರು. ಹೆದ್ರುಕಂಡು ಡೈರಿಗೆ ಮಡಗಿದ್ದ ಹಾಲ್ನಲ್ಲಿ ತಗುದು ಅವರ್ಗೆ ಕೊಟ್ಟೆ, ಅದ್ಕೆ ಒಂದ್ ಚೊಂಬು ನೀರುಯ್ದೆ. ನನ್ ಯಜಮಾನ್ರಿಗೆ ಗೊತ್ತಿಲ್ಲ. ಕ್ಯಾನ್ ವಾಪಸ್ ಬಂತು ಅಂದಾಗ ಯಾರೋ ಮುಂಡೇಮಕ್ಳು ನೀರಾಕವ್ರೆ ಅಂತ ಅವ್ರೇ ಬೈಕಂಡು ಬಂದ್ರು. ನಂಗೆ ಬಾಯಿ ಬರ್ನಿಲ್ಲ. ನೀವು ಹೆಸ್ರು ಹೇಳ್ನಿಲ್ಲ, ಆಮೇಲೆ ನಮ್ಮಟ್ಟಿ ಕಡೆ ಬರ್ನಿಲ್ಲ. ಯಾಕೆ ಅಂತ ನಂಗೊಬ್ಳಿಗೇ ಗೊತ್ತಿತ್ತು."

ಸಾಬರು ಲೋಟವನ್ನು ಜಗಲಿಯ ಮೇಲಿಟ್ಟರು.

"ಸಿದ್ದಂಗೆ ಗೊತ್ತಿರ್ನಿಲ್ವಾ?"

"ಇಲ್ಲ ಕಣಣ್ಣ. ಕೊನೇತಂಕ ಗೊತ್ತಾಗ್ನಿಲ್ಲ. ನನ್ ಜೊತೆ ಒಂದೇ ಎಲೇಲಿ ಉಂಡೋನು ನಮ್ಮಟ್ಟೀನ ಬ್ಯಾಡ ಅಂದ್ನಲ್ಲ, ನಾನೇನ್ ಮಾಡ್ದೆ ಅಂತ ಕೊರಗೋರು. ಹೇಳ್ಬೇಕು ಅಂತ ಎಷ್ಟ್ ಸಲ ಅನ್ಕಂಡೆ. ವರ್ಸ ಕಳುದಂಗೂ ಹೇಳದು ಇನ್ನೂ ಕಷ್ಟ ಆಯ್ತು." ಆಕೆ ಸೆರಗಿನಿಂದ ಮುಖ ಒರೆಸಿಕೊಂಡರು. "ಕೊನೇಲಿ ಅವತ್ತು ಟೀ ಮಡಗ್ಬುಟ್ಟು ನಾನೊಳಗಿದ್ದೆ. ನಿಮ್ಮುನ್ನ ಏನೋ ಕೇಳಿದ್ರು. ನೀವೋದ್ಮ್ಯಾಕೆ ಅವ್ರು ಮಾತೇ ಆಡ್ನಿಲ್ಲ. ಏನಂದ್ರಿ ನೀವು?"

ಸಾಬರಿಗೆ ಸುಳ್ಳು ಹೇಳುವುದು ಅಭ್ಯಾಸವಿರಲಿಲ್ಲ. ಆ ಗಳಿಗೆಯಲ್ಲಿ ಅಭ್ಯಾಸವಿದ್ದಿದ್ದರೆ ಚೆನ್ನಾಗಿತ್ತು.

"ನಿಂಗೇ ಗೊತ್ತಲ್ಲ ಅಂದೆ ಕಣವ್ವ."

ಟೀಯ ಮೇಲೆ ಕೆನೆ ಕಟ್ಟಿತು. ನಲವತ್ತು ಮನೆಯ ಹಾಲಿನಲ್ಲಿ ಒಂದು ಗೆರೆ ಹೆಚ್ಚು ಕಡಿಮೆಯಾಗದಂತೆ ನೋಡಿದ ಮನುಷ್ಯ ಸ್ನೇಹಿತನ ಮನಸ್ಸನ್ನು ಒಂದು ಸಲವೂ ಕೇಳಿ ನೋಡದೆ ತೀರ್ಮಾನ ಮಾಡಿಬಿಟ್ಟಿದ್ದರು. ಎಲ್ಲರನ್ನೂ ಕೂರಿಸಿ ಕೇಳೋಣ ಎನ್ನುತ್ತಿದ್ದವರು ಇವನೊಬ್ಬನನ್ನು ಕೂರಿಸಿ ಕೇಳಿರಲಿಲ್ಲ.

"ಊರ್ಗೆಲ್ಲ ಹೇಳ್ಬುಡಿ ಅಣ್ಣ, ರುಕ್ಮಿಣಿದೇ ತಪ್ಪು ಅಂತ. ನಿಮ್ಮುನ್ನ ಎಲ್ರೂ ಏನೇನೋ ತಿಳ್ಕಂಡವ್ರೆ."

"ಅದ್ಯಾಕವ್ವ ಊರ್ಗೆ. ನಂಗೇ ಅಂತ ಟೀ ಮಾಡಿದ್ದು ತಪ್ಪಾ?" ಎಂದು ಸಾಬರು ತಣ್ಣಗಾದ ಟೀಯನ್ನು ಒಂದು ಹನಿ ಬಿಡದೆ ಕುಡಿದರು. ಲೋಟ ತೊಳೆದಿಡಲು ಎದ್ದರೆ ರುಕ್ಮಿಣಮ್ಮ ಕೈಯಿಂದ ಕಿತ್ತುಕೊಂಡರು.

ಮನೆಗೆ ಬರುವಾಗ ಸಂಜೆಯ ಹಾಲಿನ ಹೊತ್ತು. ಡೈರಿಯ ಮುಂದೆ ಸಾಲು ನಿಂತಿತ್ತು. ಸಾಲಿನಲ್ಲಿದ್ದ ಚಲುವರಾಜು ದಿನದ ಹಾಗೆ ಮಾತಾಡಿಸಿದ.

"ಎಲ್ಲೋಗಿದ್ರಿ ದಸ್ತಗೀರಣ್ಣ?"

"ಸಿದ್ದನ ಮನೆಗೆ. ಟೀ ಕುಡಿಯಾಕೆ."

"ಯಾವ ಸಿದ್ದ?" ಎಂದು ಚಲುವರಾಜು ಕೈಯಲ್ಲಿದ್ದ ಹಾಲಿನ ಪಾತ್ರೆಯನ್ನು ಕೆಳಗಿಟ್ಟ. ಸಾಲಿನಲ್ಲಿದ್ದ ಉಷಾರಾಣಿಯೂ ತಿರುಗಿ ನೋಡಿದಳು.

"ನಮ್ ಸಿದ್ದಯ್ಯ ಕಣಪ್ಪ. ಬಾ ಅಂತ ಕರೀತಾನೇ ಇದ್ದ. ಓಗಾದು ತಡವಾಯ್ತು."

ಯಂತ್ರ ಕುಯ್ ಎಂದು ಯಾರದೋ ಚೀಟಿ ಕೊಟ್ಟಿತು. ಸಾಬರು ಡೈರಿಯನ್ನು ದಾಟಿ ಮೂವತ್ತು ಹೆಜ್ಜೆ ನಡೆದು ತಮ್ಮ ಮನೆಯ ಬಾಗಿಲು ತೆಗೆದರು.